ಎರಡು ವರ್ಷದ ಕಾಲೇಜಿನಿಂದ ಕೃಷಿ ಪದವಿಗೆ



ನಮ್ಮ ಊರುಗಳಿಂದ ಅಮೇರಿಕದ ಕ್ಯಾಲಿಫೋರ್ನಿಯಾಕ್ಕೆ ಹೋಗಿ ನೆಲೆಸಿದ ಕುಟುಂಬಗಳಿವೆ. ಅವರ ಮಕ್ಕಳಲ್ಲಿ ಕೃಷಿ ಪದವಿಯ ಆಸೆಯುಳ್ಳವರಿಗೂ, ಇಲ್ಲಿಂದ ಅಲ್ಲಿಗೆ ಓದಲು ಹೊರಡುವವರಿಗೂ ಉಪಯೋಗವಾಗಲೆಂದು ಈ ಸಲದ ಅಂಕಣವನ್ನು ಬರೆಯುತ್ತಿದ್ದೇವೆ.

ಅಲ್ಲಿ ಕಮ್ಯೂನಿಟಿ ಕಾಲೇಜು ಎಂಬ ಎರಡು ವರ್ಷದ ಸರಕಾರಿ ಕಾಲೇಜುಗಳಿವೆ. ಮೊಡೆಸ್ಟೊ, ರೀಡ್ಲಿ, ಮರ್ಸೆಡ್ ಮುಂತಾದ ಬೇಸಾಯದ ಊರುಗಳ ಕಾಲೇಜುಗಳಲ್ಲಿ ಕೃಷಿ ವಿಭಾಗವೂ ಇದೆ. ಅಲ್ಲಿಯೇ ನೆಲೆಸಿದವರಿಗೆ ಶುಲ್ಕ ಬಹಳ ಕಡಿಮೆ. ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಹೆಚ್ಚು. ಎರಡು ವರ್ಷ ಅಲ್ಲಿ ಓದಿ, ಮೂರನೆಯ ವರ್ಷಕ್ಕೆ ವಿಶ್ವವಿದ್ಯಾಲಯವನ್ನು ಸೇರಬಹುದು. 1905ರ ಕಾಯ್ದೆಯಂತೆ ವಿಶ್ವವಿದ್ಯಾಲಯದ ಕೃಷಿಕ್ಷೇತ್ರವಾಗಿ ಆರಂಭಗೊಂಡ ಡೇವಿಸ್ ಕ್ಯಾಂಪಸ್ ಇಂಥವರಲ್ಲಿ ಅನೇಕರ ಗುರಿ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಿಗೆ ಹೀಗೆ ಸೇರಲು 60 ಸೆಮಿಸ್ಟರ್ ಯೂನಿಟ್ ಬೇಕು. ಅದರೊಳಗೆ ಇಂಗ್ಲಿಷ್ ಬರವಣಿಗೆ 2, ಗಣಿತ 1, ಇತರ ವಿಷಯಗಳು 4, ಹೀಗೆ 7 ಕೋರ್ಸ್‌ಗಳು ಕಡ್ಡಾಯ. ಸರಾಸರಿ ಅಂಕ ಆ ರಾಜ್ಯದವರಿಗೆ ಕನಿಷ್ಠ 2.4, ಹೊರಗಿನವರಿಗೆ 2.8. ಇದು ಬರೇ ಹೊಸ್ತಿಲು. ಸೀಟು ಸಿಗಲು ಸಾಮಾನ್ಯವಾಗಿ ಇನ್ನೂ ಹೆಚ್ಚು ಬೇಕಾಗುತ್ತದೆ.

ಆದರೆ ಯೂನಿಟ್ ಭರ್ತಿಯಾದರೆ ಸಾಕೆಂದು ತಿಳಿದವರೇ ಕಷ್ಟಕ್ಕೆ ಸಿಲುಕುತ್ತಾರೆ. ಪಶುವಿಜ್ಞಾನ, ಸಸ್ಯವಿಜ್ಞಾನ ಮೊದಲಾದ ವಿಷಯಗಳಿಗೆ ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಗಣಿತವೇ ತಳಹದಿ. ರಸಾಯನಶಾಸ್ತ್ರವನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು: ಸಾಮಾನ್ಯ ರಸಾಯನಶಾಸ್ತ್ರಕ್ಕೆ ಎರಡು ಸೆಮಿಸ್ಟರ್, ಆಮೇಲೆ ಸಾವಯವ ರಸಾಯನಶಾಸ್ತ್ರ. ಮೊದಲ ವರ್ಷ ಸುಲಭದ ಕೋರ್ಸ್‌ಗಳಲ್ಲೇ ಕಳೆದು ಎರಡನೆಯ ವರ್ಷ ಇದನ್ನು ಹಿಡಿದರೆ ಮೇಲಿನ ಮೆಟ್ಟಿಲು ಉಳಿದೇಬಿಡುತ್ತದೆ. ಫಲ, ಒಂದು ವರ್ಷದ ವಿಳಂಬ, ಒಂದು ವರ್ಷದ ಖರ್ಚು. ಬಸಿಗಾಲುವೆ ತೋಡದೆ ಅಡಿಕೆ ಸಸಿ ನೆಟ್ಟವನ ಪಾಡು ನಮಗೆ ಗೊತ್ತೇ ಇದೆ.

ಆದುದರಿಂದ ಗಮನಿಸಬೇಕಾದವು:

1. ಸೇರಬೇಕಾದ ಕ್ಯಾಂಪಸ್ ಮತ್ತು ಪದವಿಯ ವಿಷಯವನ್ನು ಮೊದಲು ನಿಶ್ಚಯಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕಹಾಕಿರಿ.

2. ಯಾವ ಕಾಲೇಜಿನ ಯಾವ ಕೋರ್ಸ್ ಎಲ್ಲಿ ಸಲ್ಲುತ್ತದೆ ಎಂಬುದು 'ಅಸಿಸ್ಟ್' ಎಂಬ ಅಧಿಕೃತ ಪಟ್ಟಿಯಲ್ಲಿದೆ. ಪ್ರತಿ ಸೆಮಿಸ್ಟರಿಗೆ ಮುನ್ನ ಅದನ್ನು ನೋಡಿರಿ. ಕೆಲವು ಪ್ರಾಯೋಗಿಕ ಕೃಷಿ ಕೋರ್ಸ್‌ಗಳನ್ನು ಈ ವಿಶ್ವವಿದ್ಯಾಲಯವು ಪರಿಗಣಿಸುವುದಿಲ್ಲ.

3. ಒಂದು ವಿಷಯದ ಸರಣಿಯನ್ನು ಆರಂಭಿಸಿದ ಕಾಲೇಜಿನಲ್ಲೇ ಮುಗಿಸುವುದು ಲೇಸು.

4. 'ಟ್ಯಾಗ್' ಎಂಬ ಪ್ರವೇಶ ಖಾತರಿಯನ್ನು ಡೇವಿಸ್ ಸೇರಿ 6 ಕ್ಯಾಂಪಸ್‌ಗಳು ನೀಡುತ್ತವೆ. ಒಂದೇ ಕ್ಯಾಂಪಸ್‌ಗೆ, ಸೆಪ್ಟೆಂಬರ್ ತಿಂಗಳೊಳಗೆ ಅರ್ಜಿ ಹಾಕಬೇಕು. ಸಾಮಾನ್ಯ ಪ್ರವೇಶದ ಅರ್ಜಿಯನ್ನೂ ಬೇರೆಯಾಗಿ ಸಲ್ಲಿಸಬೇಕು.

5. ವಿದ್ಯಾರ್ಥಿ ವೀಸಾದವರು ಸಾಮಾನ್ಯವಾಗಿ ಪ್ರತಿ ಸೆಮಿಸ್ಟರಿಗೆ 12 ಯೂನಿಟ್‌ಗೆ ಕಡಿಮೆ ಮಾಡುವಂತಿಲ್ಲ. ಕಠಿಣವೆಂದು ನಡುವೆ ಕೋರ್ಸ್ ಬಿಡುವ ಮುನ್ನ ಕಾಲೇಜಿನವರಲ್ಲಿ ವಿಚಾರಿಸಿರಿ.

ಹೆತ್ತವರಲ್ಲಿ ನಮ್ಮದೊಂದು ಮಾತು. ಫೋನಿನಲ್ಲಿ ಮಕ್ಕಳೊಡನೆ ಮಾತಾಡುವಾಗ "ಎಷ್ಟು ಮಾರ್ಕು ಬಂತು?" ಎಂದು ಮಾತ್ರ ಕೇಳಬೇಡಿರಿ. "ಈ ಸೆಮಿಸ್ಟರಿನಲ್ಲಿ ಕೆಮಿಸ್ಟ್ರಿ ತೆಗೆದುಕೊಂಡೆಯಾ?" ಎಂದೂ ಕೇಳಿರಿ.