ಭೂಮಿಯಲ್ಲಿ ಸೇರುವ ವಿಷಲೋಹಗಳು

ಬೈಲಹೊಂಗಲ, ಸವದತ್ತಿ, ರಾಮದುರ್ಗ ಪ್ರಾಂತದ ಎರೆ ಭೂಮಿಯು ಜಿಗುಟಾದುದು, ಸುಣ್ಣವುಳ್ಳದ್ದು. ಸೀಸ, ಕ್ಯಾಡ್ಮಿಯಮ್ ಮೊದಲಾದ ಲೋಹಗಳು ಅದರಲ್ಲಿ ಬಹುಮಟ್ಟಿಗೆ ಮಣ್ಣಿಗೇ ಅಂಟಿಕೊಂಡು ಪೈರಿಗೆ ಕಡಿಮೆ ಏರುತ್ತವೆ. ಕಿತ್ತೂರಿನ ಕಡೆಯ ಮಸಾರಿಯು ಹುಳಿಗುಣವುಳ್ಳದ್ದಾದಲ್ಲಿ ಅವು ಬೇರಿಗೆ ಬೇಗನೆ ದೊರೆಯುವವು. ಆದರೆ ಎರೆಯ ಒಕ್ಕಲಿಗರು ಇದರಿಂದ ನಿಶ್ಚಿಂತರಾಗಲಾಗದು. ಗೊಬ್ಬರದ ಸತ್ವವು ಬೆಳೆಯೊಡನೆ ಹೋಗುತ್ತದೆ. ಸೀಸವು ತಲೆಮಾರುಗಳವರೆಗೆ ಹೊಲದಲ್ಲಿಯೇ ಉಳಿಯುತ್ತದೆ. ಮಣ್ಣಾಡಿದ ಕೈಯನ್ನು ಬಾಯಿಗಿಡುವ ಮಕ್ಕಳ ಬುದ್ಧಿಯನ್ನು ಅದು ಕುಂದಿಸುವುದು.

ಆರ್ಸೆನಿಕ್, ಅಂದರೆ ಪಾಷಾಣದ ನಡತೆಯೇ ಬೇರೆ. ಕ್ಷಾರಗುಣದ ಮಣ್ಣಿನಲ್ಲಿ ಅದು ಸಡಿಲಗೊಂಡು ನೀರಿಗಿಳಿಯಬಲ್ಲದು. ಯಾದಗಿರಿ ಜಿಲ್ಲೆಯಲ್ಲಿ ಮಂಗಳೂರೆಂಬ ಊರಿನ ಸುತ್ತಲಿನ ಹಳೆಯ ಚಿನ್ನದ ಗಣಿಗಳ ಪ್ರದೇಶದ ಸಂಶೋಧನೆಯು 2013ರಲ್ಲಿ ಪ್ರಕಟವಾಯಿತು. ಅಲ್ಲಿಯ 59 ಕೊಳವೆಬಾವಿಗಳ ಪೈಕಿ ನೂರಕ್ಕೆ 79ರಷ್ಟರಲ್ಲಿ ಪಾಷಾಣವು ಲೀಟರಿಗೆ 10 ಮೈಕ್ರೋಗ್ರಾಮಿನ ಮಿತಿಯನ್ನು ಮೀರಿತ್ತು. ಪರೀಕ್ಷಿಸಿದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಚರ್ಮದಲ್ಲಿ ರೋಗಚಿಹ್ನೆಗಳಿದ್ದವು. ಅಂಗೈ ಅಂಗಾಲುಗಳ ಇಂಥ ಗಡುಸುತನವನ್ನು ದುಡಿಮೆಯ ಜಡ್ಡೆಂದು ತಿಳಿಯುವುದು ಸುಲಭ. ಕಾಲಾಂತರದಲ್ಲಿ ಅದು ಅರ್ಬುದಕ್ಕೂ ತಿರುಗೀತು. ನೀರನ್ನು ಕುದಿಸಿದರೆ ಪಾಷಾಣವು ಹೋಗದು.

ಹಳೆಯ ಬ್ಯಾಟರಿಗಳನ್ನು ಹೊಲದ ಬದುವಿನಲ್ಲಾಗಲಿ ಹಳ್ಳದ ದಂಡೆಯಲ್ಲಾಗಲಿ ಒಡೆಯಲು ಊರಿನ ಮುಖ್ಯರು ಎಡೆಗೊಡತಕ್ಕದ್ದಲ್ಲ. ಪಟ್ಟಣದ ಕಸವನ್ನು ಗೊಬ್ಬರಕ್ಕೆಂದು ತರಿಸುವವರು ಅದರೊಳಗಿನ ಬ್ಯಾಟರಿ, ಬಣ್ಣದ ಡಬ್ಬಿಗಳನ್ನು ನೋಡಿಕೊಳ್ಳಬೇಕು; ಅಗ್ಗದ ಗೊಬ್ಬರವು ಎಲ್ಲ ಕಾಲಕ್ಕೂ ಅಗ್ಗವಲ್ಲ. ಸಾಮಾನ್ಯ ಮಣ್ಣುಪರೀಕ್ಷೆಯಲ್ಲಿ ಈ ಲೋಹಗಳು ಕಾಣುವುದಿಲ್ಲವಾದ್ದರಿಂದ, ಮಣ್ಣನ್ನು ಕಳುಹಿಸುವಾಗ ಅವುಗಳ ಹೆಸರನ್ನು ಬರೆದೇ ಕೇಳತಕ್ಕದ್ದು. ಫಲಿತಾಂಶವು ಬರುವ ತನಕ ಸಂಶಯವುಳ್ಳ ಹೊಲದಲ್ಲಿ ಸೊಪ್ಪು, ಗಡ್ಡೆಗಳನ್ನು ಬೆಳೆಯದೆ ಹತ್ತಿಯನ್ನು ಬಿತ್ತುವುದು ಲೇಸು.