ಗಾತ್ರದಿಂದ ಮೌಲ್ಯಕ್ಕೆ, ಮೌಲ್ಯದಿಂದ ಗಾತ್ರಕ್ಕೆ: ‘ಪೆರ್’ ಮತ್ತು ‘ಎನಾರ್ಮಿಟಿ’

ಇಂಗ್ಲಿಷಿನ ‘ಎನಾರ್ಮಿಟಿ’ ಪದದ ಮೂಲದಲ್ಲಿರುವುದು ಲ್ಯಾಟಿನ್ನಿನ ‘ನಾರ್ಮ’, ಅಂದರೆ ಬಡಗಿಯ ಮೂಲೆಮಟ್ಟ. ಮಟ್ಟ ಮೀರಿದ್ದು ಎಂಬ ಅರ್ಥದಿಂದ ‘ಘೋರ ಅಪರಾಧ’ವೂ, ಅನಂತರ ‘ಬೃಹತ್ತತೆ’ಯೂ ಮೂಡಿದವು. ಈ ಕೊನೆಯ ಅರ್ಥವನ್ನು ಶುದ್ಧಪ್ರಯೋಗವಾದಿಗಳು ಇಂದಿಗೂ ಆಕ್ಷೇಪಿಸುತ್ತಾರೆ.

ಕನ್ನಡದಲ್ಲಿ ಚಲನೆಯ ದಿಕ್ಕು ವಿರುದ್ಧವಾದುದು. ಹಳಗನ್ನಡದ ‘ಪೆರ್/ಪಿರಿ’ (ತಮಿಳಿನಲ್ಲಿ ‘ಪೆರು’) ಮೂಲತಃ ಗಾತ್ರವಾಚಕ. ಸುಮಾರು 10ನೆಯ ಶತಮಾನದಿಂದ ಪದಾದಿಯ ಪಕಾರವು ಹಕಾರವಾಗತೊಡಗಿತು. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಹೆಸರಿನಲ್ಲಿರುವ ‘ಹಳ್ಳಿ’ಯೂ ‘ಪಳ್ಳಿ’ಯಿಂದ ಹೀಗೆಯೇ ಬಂದುದು. ‘ಹೆಮ್ಮರ’, ‘ಹೆಬ್ಬಾವು’, ‘ಹೆದ್ದಾರಿ’ಗಳಂತಹ ಸಮಾಸಗಳಲ್ಲಿ ಗಾತ್ರಾರ್ಥ ಉಳಿದಿದೆ. ಆದರೆ ‘ಹಿರಿಯ’ ಪದವು ವಯಸ್ಸು-ಸ್ಥಾನಗಳನ್ನೂ, ‘ಹಿರಿಮೆ’ಯು ಮೌಲ್ಯವನ್ನೂ, ‘ಹೆಮ್ಮೆ’ಯು ಭಾವವನ್ನೂ ಸೂಚಿಸುತ್ತವೆ. ಆಡುಮಾತಿನಲ್ಲಿ ಬಿಡಿಪದವಾಗಿ ಗಾತ್ರವನ್ನು ಹೇಳುವ ಹೊಣೆ ‘ದೊಡ್ಡ’ ಎಂಬುದಕ್ಕೆ ಸಂದಿದೆ.

ಈ ಭೇದದ ಪರಿಣಾಮ ಅನುವಾದದಲ್ಲಿ ಸ್ಪಷ್ಟವಾಗುತ್ತದೆ. ಹತ್ಯಾಕಾಂಡವೊಂದರ ‘ಎನಾರ್ಮಿಟಿ’ಯನ್ನು ‘ಅಗಾಧತೆ’ ಎಂದರೆ ಅದು ಬರಿಯ ಅಳತೆ. ‘ಘೋರತೆ’ ಎಂದರೆ ನೈತಿಕ ತೀರ್ಪು. ಇಂಗ್ಲಿಷ್ ಪದ ಇವೆರಡನ್ನೂ ಒಟ್ಟಿಗೆ ಹೊರಬಲ್ಲದು. ಕನ್ನಡದ ಅನುವಾದಕ ಒಂದನ್ನು ಆರಿಸಲೇಬೇಕು. ಆ ಆಯ್ಕೆಯನ್ನು ವ್ಯುತ್ಪತ್ತಿಯಲ್ಲ, ಪ್ರಯೋಗಸಂದರ್ಭವೇ ನಿರ್ಧರಿಸಬೇಕೆಂಬುದು ನಮ್ಮ ನಿಲುವು.