ಕಾಫಿ ರಫ್ತು: ಸಹಿ ಹಾಕುವ ಮುನ್ನ ಓದಬೇಕಾದ ಕಾನೂನು

ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕೆಲವು ಬೆಳೆಗಾರರು ಈಗ ತಮ್ಮದೇ ಹೆಸರಿನಲ್ಲಿ ವಿದೇಶಿ ಪಾರ್ಟಿಗಳಿಗೆ ನೇರವಾಗಿ ಮಾರಲು ಹೊರಟಿದ್ದಾರೆ. ಇದು ನಿಜಕ್ಕೂ ಸಂತೋಷದ ಸಂಗತಿ. ಆದರೆ ವಕೀಲರ ನೆನಪಾಗುವುದು ದುಡ್ಡು ನಿಂತ ಮೇಲೆ. ಅಷ್ಟು ಹೊತ್ತಿಗೆ ಅವರ ಕೈಯಲ್ಲೂ ಹೆಚ್ಚೇನೂ ಉಳಿದಿರುವುದಿಲ್ಲ.

ತಪ್ಪು ಕಲ್ಪನೆ: ಐಇಸಿ (ಆಮದು-ರಫ್ತುದಾರರ ಸಂಕೇತ) ಸಂಖ್ಯೆ, ಕಾಫಿ ಮಂಡಳಿಯ ನೋಂದಣಿ ಎರಡೂ ಇದ್ದರೆ ಸಾಕು.
ವಾಸ್ತವ: ಇವು ಸರಕು ನಮ್ಮ ಬಂದರು ದಾಟಲು ಬೇಕಾದ ಕಾಗದಗಳು. ಕೊಂಡವನು ಹಣ ಕೊಡದಿದ್ದರೆ ಇವುಗಳಿಂದ ಏನೂ ಆಗದು.

ತಪ್ಪು ಕಲ್ಪನೆ: ಮೋಸವಾದರೆ ಬೆಂಗಳೂರಿನ ಕೋರ್ಟ್ ಇದ್ದೇ ಇದೆ.
ವಾಸ್ತವ: ಕೋರ್ಟ್ ಇದೆ, ಗೆಲ್ಲಲೂಬಹುದು. ಆದರೆ ಕೊಂಡವನ ಆಸ್ತಿ ಇರುವುದು, ಉದಾಹರಣೆಗೆ, ಅಮೆರಿಕದಲ್ಲಿ ಎನ್ನಿ. ಭಾರತ ಮತ್ತು ಅಮೆರಿಕದ ನಡುವೆ ಕೋರ್ಟ್ ತೀರ್ಪು ಜಾರಿ ಮಾಡುವ ಒಪ್ಪಂದವೇ ಇಲ್ಲ. ನಮ್ಮ ಡಿಕ್ರಿ ಹಿಡಿದು ಅಲ್ಲಿನ ಕೋರ್ಟಿನಲ್ಲಿ ಮತ್ತೆ ದಾವೆ ಹೂಡಬೇಕು. ಮಧ್ಯಸ್ಥಿಕೆಯ ತೀರ್ಪಿನ ಕಥೆ ಬೇರೆ. ಅದನ್ನು ಬೇರೆ ದೇಶದಲ್ಲಿ ಜಾರಿ ಮಾಡಿಸಲು ಇರುವ 1958ರ ನ್ಯೂಯಾರ್ಕ್ ಒಡಂಬಡಿಕೆಗೆ ಎರಡೂ ದೇಶ ಸೇರಿವೆ, ಒಟ್ಟು 170ಕ್ಕೂ ಹೆಚ್ಚು ದೇಶಗಳಿವೆ. ಹಾಗಾಗಿ ಕರಾರಿನಲ್ಲಿ ಒಂದು ಷರತ್ತು ಬೇಕೇ ಬೇಕು: ವಿವಾದ ಬಂದರೆ ಮಧ್ಯಸ್ಥಿಕೆ, ಅದರ ಸ್ಥಾನ ಯಾವ ಊರು, ಯಾವ ಸಂಸ್ಥೆಯ ನಿಯಮ, ಎಷ್ಟು ಮಂದಿ ಮಧ್ಯಸ್ಥರು, ಯಾವ ದೇಶದ ಕಾನೂನು. ಈ ಐದರಲ್ಲಿ ಒಂದನ್ನು ಬಿಟ್ಟರೂ ಮೊದಲ ವರ್ಷದ ಜಗಳ ಅದರ ಮೇಲೆಯೇ ನಡೆದೀತು. ಇಡೀ ವರ್ಷದ ಫಸಲು ಒಂದೇ ಕಂಟೇನರಿನಲ್ಲಿ ಕಳಿಸುವ ಸಣ್ಣ ಬೆಳೆಗಾರನಿಗೇ ಈ ಷರತ್ತು ಹೆಚ್ಚು ಮುಖ್ಯ. ಹಣ ಬಾರದಿರುವ ಅಪಾಯಕ್ಕೆ ಇಸಿಜಿಸಿಯ (ರಫ್ತು ಸಾಲ ಖಾತರಿ ನಿಗಮ) ವಿಮೆಯೂ ಇದೆ. ಅದನ್ನು ಸರಕು ಹೋಗುವ ಮುಂಚೆಯೇ ಮಾಡಿಸಬೇಕು.

ತಪ್ಪು ಕಲ್ಪನೆ: ಸಿಐಎಫ್ (ಬೆಲೆ, ವಿಮೆ, ಸಾಗಣೆ ಸೇರಿದ) ದರಕ್ಕೆ ಒಪ್ಪಿದರೆ ಸರಕು ತಲುಪುವವರೆಗೂ ಹೊಣೆ ನಮ್ಮದೇ.
ವಾಸ್ತವ: ಹಡಗಿನ ಬಾಡಿಗೆ, ವಿಮೆ ನಮ್ಮ ಖರ್ಚು, ನಿಜ. ಆದರೆ ನವ ಮಂಗಳೂರು ಬಂದರಿನಲ್ಲಿ ಸರಕು ಹಡಗು ಹತ್ತಿದ ಕ್ಷಣದಿಂದಲೇ ನಷ್ಟದ ಅಪಾಯ ಕೊಂಡವನದು. ದಾರಿಯಲ್ಲಿ ನೀರು ನುಗ್ಗಿ ಮೂಟೆ ನೆನೆದರೆ ಅದು ಕೊಂಡ ವಿದೇಶಿ ವ್ಯಾಪಾರಿಯ ನಷ್ಟ. ಇದನ್ನು ತಿಳಿಯದೆ ರಿಯಾಯಿತಿ ಕೊಡಬಾರದು. ಆದರೆ "ಇಳಿದ ಬಂದರಿನ ತೂಕ, ಗುಣಮಟ್ಟವೇ ಅಂತಿಮ" ಎಂಬ ಸಾಲು ಅದೇ ಕರಾರಿನಲ್ಲಿ ಕೆಳಗೆಲ್ಲೋ ಇದ್ದರೆ ಹೊಣೆ ಮತ್ತೆ ನಮ್ಮ ಮೇಲೆ ಬಂದೀತು. ಅಂಥ ಸಾಲನ್ನು ಹುಡುಕಿ ತೋರಿಸುವುದೇ ವಕೀಲರ ಕೆಲಸ.

ತಪ್ಪು ಕಲ್ಪನೆ: ಬ್ರ್ಯಾಂಡ್ ಇಲ್ಲಿ ನೋಂದಣಿಯಾಗಿದೆ, ಎಲ್ಲೆಡೆ ನಮ್ಮದೇ.
ವಾಸ್ತವ: ಟ್ರೇಡ್‌ಮಾರ್ಕ್ ಹಕ್ಕು ದೇಶದ ಗಡಿಗೆ ಮುಗಿಯುತ್ತದೆ. ಕೊಡಗು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಅಷ್ಟೇ. ಭಾರತ 2013ರಲ್ಲಿ ಸೇರಿದ ಮ್ಯಾಡ್ರಿಡ್ ವ್ಯವಸ್ಥೆಯಲ್ಲಿ ಒಂದೇ ಅರ್ಜಿಯಿಂದ ಹಲವು ದೇಶಗಳಲ್ಲಿ ನೋಂದಣಿ ಕೋರಬಹುದು. ಇಲ್ಲಿ ಅರ್ಜಿ ಹಾಕಿದ ಆರು ತಿಂಗಳೊಳಗೆ ಹೋದರೆ ಮೊದಲ ದಿನಾಂಕವೇ ಅಲ್ಲೂ ಸಿಗುತ್ತದೆ. ಚೀನಾದಲ್ಲಂತೂ ಸಾಮಾನ್ಯವಾಗಿ ಮೊದಲು ಅರ್ಜಿ ಹಾಕಿದವನಿಗೇ ಹಕ್ಕು. ನಿಮ್ಮ ವಿತರಕನೇ ನಿಮ್ಮ ಹೆಸರನ್ನು ತನ್ನದೆಂದು ನೋಂದಾಯಿಸದಂತೆ ಕರಾರಿನಲ್ಲಿ ತಡೆಯಬೇಕು.

ತಪ್ಪು ಕಲ್ಪನೆ: ಯುರೋಪಿನ ಕಾಡುನಾಶ ಕಾನೂನು ಅಲ್ಲಿನ ಆಮದುದಾರನ ತಲೆನೋವು.
ವಾಸ್ತವ: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಗೆ ಅಲ್ಲಿ ಪ್ರವೇಶ ಕೊಡಬಾರದೆಂಬುದು 2023ರ ಈ ಕಾನೂನಿನ ಆಶಯ. ಜಾರಿ ಎರಡು ಬಾರಿ ಮುಂದಕ್ಕೆ ಹೋಗಿದೆ. ಆದರೂ ಆಮದುದಾರ ತನ್ನ ಹೊಣೆಯನ್ನು ಕರಾರಿನ ಮೂಲಕ ನಮಗೆ ದಾಟಿಸಬಹುದು: ತೋಟದ ಜಿಪಿಎಸ್ ವಿವರ ಕೊಡಿ, ತಪ್ಪಿದ್ದರೆ ದಂಡ ನಿಮ್ಮದು ಎಂದು. ಹತ್ತಾರು ಸಣ್ಣ ಹಿಡುವಳಿಗಳ ಬೀಜ ಕೂಡಿಸಿ ಮಾರುವವರು ಆ ದಂಡಕ್ಕೆ ಮೇಲ್ಮಿತಿ ಬರೆಸದೆ ಸಹಿ ಹಾಕಲೇಬಾರದು.